ಬಿಸಿಲನ್ನೂ ಅಡುಗೆ ಕೆಲಸಕ್ಕೆ ಹಚ್ಚಿ

ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಓಡಿಹೋಗುತ್ತದೆ ಎನ್ನುವುದು ಹಿರಿಯರ ಲೆಕ್ಕ. ಈಗೀಗ ಚಳಿ ಶಿವರಾತ್ರಿಯವರೆಗೂ ನಿಲ್ಲುತ್ತಿಲ್ಲ. 2022ರ ಮಾರ್ಚ್ ಮತ್ತು 2025ರ ಫೆಬ್ರುವರಿ, 1901ರಿಂದೀಚೆಗೆ ದೇಶ ಕಂಡ ಅತಿ ಬಿಸಿಯ ಮಾರ್ಚ್ ಹಾಗೂ ಅತಿ ಬಿಸಿಯ ಫೆಬ್ರುವರಿ ಎಂದು ಹವಾಮಾನ ಇಲಾಖೆ ದಾಖಲಿಸಿತು. ನಮ್ಮ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಬಿಳಿಜೋಳದ ರಾಶಿ ಮುಗಿಯುವ ಮೊದಲೇ ಮಧ್ಯಾಹ್ನದ ಗಾಳಿ ಮುಖಕ್ಕೆ ಬಿಸಿಯಾಗಿ ಬಡಿಯುತ್ತದೆ. ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಉಳಿದ ಜಿಲ್ಲೆಗಳಂತೆ ಕೊಪ್ಪಳದ ಸರ್ಕಾರಿ ಕಚೇರಿಗಳೂ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕಚೇರಿಗೆ ಬೇಸಿಗೆಯ ವೇಳಾಪಟ್ಟಿ ಇದೆ, ಅಡುಗೆಮನೆಗೆ ಇಲ್ಲ. ತಗಡಿನ ಶೀಟಿನ ಕೆಳಗೆ ಗ್ಯಾಸ್ ಒಲೆಯ ಮುಂದೆ ನಿಂತವರಿಗೆ ಬಿಸಿಲು ಮೇಲಿನಿಂದಲೂ ಉರಿ ಕೆಳಗಿನಿಂದಲೂ.

ಅದರ ಜೊತೆಗೆ ಸಿಲಿಂಡರಿನ ದರ. 2023ರ ಮಾರ್ಚ್‌ನಲ್ಲಿ 14.2 ಕೆ.ಜಿ.ಯ ಗೃಹಬಳಕೆ ಸಿಲಿಂಡರು ಬೆಂಗಳೂರಿನಲ್ಲಿ 1,105 ರೂಪಾಯಿ 50 ಪೈಸೆ ಮುಟ್ಟಿತ್ತು. ಆ ವರ್ಷದ ಆಗಸ್ಟ್ ಕೊನೆಗೆ 200 ರೂಪಾಯಿ, 2024ರ ಮಾರ್ಚ್‌ನಲ್ಲಿ 100 ರೂಪಾಯಿ ಇಳಿಯಿತು. 2025ರ ಏಪ್ರಿಲ್ 8ರಿಂದ ಮತ್ತೆ 50 ರೂಪಾಯಿ ಏರಿತು. ಸಾಗಣೆ ಖರ್ಚು ಸೇರುವುದರಿಂದ ಜಿಲ್ಲೆಯಿಂದ ಜಿಲ್ಲೆಗೆ ದರ ಸ್ವಲ್ಪ ಹೆಚ್ಚುಕಡಿಮೆ. ದೇಶ ಉರಿಸುವ ಅಡುಗೆ ಅನಿಲದಲ್ಲಿ ಸುಮಾರು ಶೇ 60ರಷ್ಟು ಹೊರಗಿನಿಂದ ಬರುತ್ತದೆ, ಅದರಲ್ಲೂ ದೊಡ್ಡ ಪಾಲು ಕೊಲ್ಲಿ ದೇಶಗಳಿಂದ. ಅಲ್ಲಿ ಏನೇ ಏರುಪೇರಾದರೂ ಅದರ ಬಿಸಿ ಒಂದಲ್ಲ ಒಂದು ದಿನ ಯಲಬುರ್ಗಾದ ಮನೆಗೂ ತಟ್ಟುತ್ತದೆ. ಆ ದರ ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ಕಡೆ ಫೆಬ್ರುವರಿಯಿಂದ ಮೇ ತನಕ ಬಿಸಿಲಿಗೇನೂ ಕೊರತೆಯಿಲ್ಲ. ಗ್ಯಾಸಿನಿಂದ ಮಾಡಿಸುತ್ತಿರುವ ಕೆಲಸದಲ್ಲಿ ಒಂದಿಷ್ಟನ್ನು ಈ ಬಿಸಿಲಿನಿಂದಲೇ ಮಾಡಿಸಬಹುದು. ಹೊಟ್ಟೆಗೆ ಕಡಿಮೆ ಮಾಡಬೇಕಿಲ್ಲ, ಹೊಗೆಯ ಒಲೆಗೆ ಮರಳಬೇಕಾಗಿಯೂ ಇಲ್ಲ.

ಮೊದಲು ಗ್ಯಾಸು ಎಲ್ಲಿ ಹೋಗುತ್ತಿದೆ ನೋಡೋಣ. ಸಿಲಿಂಡರಿಗೆ 850 ರೂಪಾಯಿ ಎಂದು ಹಿಡಿದರೆ ಒಂದು ಗ್ರಾಂ ಗ್ಯಾಸಿಗೆ ಆರು ಪೈಸೆ. ಹದಿನೈದು ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಸಾಧಾರಣ ಒಲೆಯಲ್ಲಿ ಸುಮಾರು 45 ಗ್ರಾಂ ಗ್ಯಾಸು ಬೇಕು. ಮನೆಯಲ್ಲಿ ನಾಲ್ಕು ಜನ, ದಿನಕ್ಕೆ ನಾಲ್ಕು ಬಕೆಟ್ ಎಂದರೆ ತಿಂಗಳಿಗೆ 5.4 ಕೆ.ಜಿ., ಸಿಲಿಂಡರಿನ ಮೂರನೇ ಒಂದು ಪಾಲಿಗಿಂತಲೂ ಹೆಚ್ಚು. ರೂಪಾಯಿಯಲ್ಲಿ 320ರ ಮೇಲೆ. ಏಪ್ರಿಲ್ ಹೊತ್ತಿಗೆ ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಕೈ ಇಡಲಾಗದಷ್ಟು ಬಿಸಿಯಾಗಿ ನಲ್ಲಿಯಲ್ಲಿ ಬರುತ್ತಿರುತ್ತದೆ. ಆದರೂ ರೂಢಿಯ ಬಲಕ್ಕೆ ಬೆಳಿಗ್ಗೆ ಒಲೆಯ ಮೇಲೆ ನೀರಿಡುವ ಮನೆಗಳಿವೆ. ಮಕ್ಕಳಿಗೆ, ವಯಸ್ಸಾದವರಿಗೆ ಬಿಸಿನೀರು ಬೇಕೇ ಬೇಕು ಎಂದಾದರೆ ಸಂಜೆ ಟ್ಯಾಂಕಿನ ನೀರನ್ನು ಕೊಡಗಳಿಗೆ ಹಿಡಿದು, ಮುಚ್ಚಿ, ಮನೆಯೊಳಗೆ ಗೋಣಿಚೀಲ ಸುತ್ತಿಟ್ಟರೆ ಬೆಳಿಗ್ಗೆಗೆ ಉಗುರುಬೆಚ್ಚಗೆ ಉಳಿದಿರುತ್ತದೆ. ಸ್ನಾನವನ್ನು ಸಂಜೆಗೆ ಹಾಕಿಕೊಂಡರೆ ಅದೂ ಬೇಡ. ಈ ಬರಹದಿಂದ ಒಂದೇ ಒಂದು ಬದಲಾವಣೆ ಮಾಡಿಕೊಳ್ಳುವವರಿದ್ದರೆ ಇದನ್ನೇ ಮಾಡಿಕೊಳ್ಳಿ ಎನ್ನುತ್ತೇನೆ.

ಅಡುಗೆಯ ನೀರಿಗೂ ಇದೇ ಮಾತು. ಕುಡಿಯುವ ನೀರನ್ನು ಸ್ಟೀಲಿನ ಪಾತ್ರೆಗೆ ಹಾಕಿ, ಮುಚ್ಚಳ ಮುಚ್ಚಿ ಒಂದೆರಡು ತಾಸು ಬಿಸಿಲಿಗಿಟ್ಟರೆ 28 ಡಿಗ್ರಿಯ ನೀರು 43ರ ಹತ್ತಿರ ಬರುತ್ತದೆ. ಪಾತ್ರೆಯ ಹೊರಮೈ ಕಪ್ಪಾಗಿದ್ದರೆ ಇನ್ನೂ ಬೇಗ. ಅಲ್ಲಿಂದ ಕುದಿಸಿದರೆ ಕುದಿ ಬರಿಸುವ ಗ್ಯಾಸಿನಲ್ಲಿ ಐದನೇ ಒಂದು ಪಾಲು ಉಳಿಯುತ್ತದೆ. ಮಧ್ಯಾಹ್ನದ ಅನ್ನಕ್ಕೆ ನೀರು, ಬೇಳೆಗೆ ನೀರು, ಸಂಜೆ ರೊಟ್ಟಿಗೆ ಕಾಯಿಸುವ ಎಸರು, ಎಲ್ಲಕ್ಕೂ ಇದು ಆಗುತ್ತದೆ. ಪ್ಲಾಸ್ಟಿಕ್ ಕೊಡದಲ್ಲಿ ಮಾತ್ರ ಬೇಡ.

ಬೇಳೆ

"ಈ ನೀರಾಗ ಬ್ಯಾಳಿ ಬೇಯಂಗಿಲ್ಲ ನೋಡ್ರಿ" ಎನ್ನುವ ಮಾತು ಕುಷ್ಟಗಿ, ಯಲಬುರ್ಗಾದ ಕೊಳವೆಬಾವಿ ಊರುಗಳಲ್ಲಿ ಸಾಮಾನ್ಯ. ಮಾತು ನಿಜ. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಬೇಳೆಯ ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಜೊತೆ ಸೇರಿ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಹಾಗಾಗಿ ಗಂಗಾವತಿಯ ಕಾಲುವೆ ನೀರಿನ ಊರಿನಲ್ಲಿ ಮೂರು ಸೀಟಿಗೆ ಕರಗುವ ತೊಗರಿಬೇಳೆ ಇಲ್ಲಿ ಆರು ಸೀಟಿಯಾದರೂ ಕಾಳು ಕಾಳಾಗಿ ಉಳಿಯುವುದುಂಟು. ಆ ಹೆಚ್ಚಿನ ಸೀಟಿಗಳಿಗೆಲ್ಲ ಗ್ಯಾಸಿನ ದುಡ್ಡು ಹೋಗುತ್ತಿದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತರುವ ಕ್ಯಾನಿನಲ್ಲಿ ಬೇಳೆ ಬೇಯಿಸುವಷ್ಟು ನೀರನ್ನು ತೆಗೆದಿಡಿ; ಒಂದೂವರೆ ಲೀಟರು ಸಾಕು. ಈ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ತೊಂದರೆ ಇರುವ ಊರುಗಳು ಅನೇಕ ಇರುವುದರಿಂದ, ಕುಡಿಯುವುದಕ್ಕಷ್ಟೇ ಅಲ್ಲ, ಅಡುಗೆಗೂ ಆ ನೀರು ಬಳಸುವುದು ಮೈಗೂ ಒಳ್ಳೆಯದು.

ಬೇಳೆಯನ್ನು ಒಂದು ತಾಸು, ಕಡಲೆ, ಅಲಸಂದಿಯಂಥ ಕಾಳನ್ನು ರಾತ್ರಿಯಿಡೀ ನೆನೆಹಾಕಿ. ಪೆಟ್ರೋಲಿಯಂ ಬಚಾವು ಮಾಡುವುದನ್ನೇ ಕೆಲಸವಾಗಿಟ್ಟುಕೊಂಡು 1978ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಪಿಸಿಆರ್‌ಎ. ತೆರೆದ ಪಾತ್ರೆಗೆ ಹೋಲಿಸಿದರೆ ಕುಕ್ಕರಿನಲ್ಲಿ ಅನ್ನಕ್ಕೆ ಶೇ 20, ನೆನೆಸಿದ ಕಡಲೆಬೇಳೆಗೆ ಶೇ 46 ಇಂಧನ ಉಳಿಯುತ್ತದೆ ಎಂದು ಅದು ಹೇಳುತ್ತದೆ. ಕುದಿ ಬಂದ ಕೂಡಲೇ ಉರಿ ಸಣ್ಣದು ಮಾಡಿದರೆ ಶೇ 25ರವರೆಗೆ ಉಳಿತಾಯ ಎನ್ನುವುದೂ ಅದರದೇ ಲೆಕ್ಕ. ಕಾರಣ ಸರಳ: ನೀರು ಕುದಿಯಲು ಹತ್ತಿದ ಮೇಲೆ ಉರಿ ಎಷ್ಟೇ ಜೋರು ಮಾಡಿದರೂ ಅದು ಇನ್ನಷ್ಟು ಬಿಸಿಯಾಗುವುದಿಲ್ಲ, ಆವಿಯಾಗಿ ಹೋಗುತ್ತದೆ ಅಷ್ಟೇ. ಹುಣಸೆಹಣ್ಣು, ಟೊಮೆಟೊಗಳನ್ನು ಬೇಳೆ ಬೆಂದ ಮೇಲೆಯೇ ಹಾಕಿ. ಹುಳಿ ಮುಂಚೆ ಬಿದ್ದರೆ ಬೇಳೆ ಬಿರುಸಾಗುತ್ತದೆ. ಗಡಸು ನೀರಿನ ಊರಿನಲ್ಲಿ ಪಾತ್ರೆಯ ತಳಕ್ಕೆ ಬಿಳಿಯ ಗಾರೆಯಂತೆ ಹಿಡಿಯುವ ಪದರವೂ ಶಾಖವನ್ನು ತಡೆಯುತ್ತದೆ. ಹುಣಸೆಹುಳಿ ಹಚ್ಚಿ ತಿಕ್ಕಿದರೆ ಬಿಡುತ್ತದೆ.

ಅನ್ನಕ್ಕೊಂದು ಹುಲ್ಲಿನ ಬುಟ್ಟಿ

ಗಂಗಾವತಿ ಭತ್ತದ ಕಣಜ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಸೋನಾ ಮಸೂರಿ. ಕೊಯ್ಲಾದ ಮೇಲೆ ಹುಲ್ಲಿನ ಬಣವೆ. ಅನ್ನವೇ ಮುಖ್ಯ ಊಟವಾದ ಈ ಕಡೆ ಆ ಹುಲ್ಲಿನಿಂದಲೇ ಗ್ಯಾಸು ಉಳಿಸುವ ಒಂದು ಉಪಾಯವಿದೆ. ಇದು ಜಗತ್ತಿನ ಬಹಳ ಕಡೆ ಹಳೆಯ ಕಾಲದಿಂದ ಬಳಕೆಯಲ್ಲಿದೆ, ನಮ್ಮಲ್ಲಿ ಮಾತ್ರ ಯಾಕೋ ಹೆಚ್ಚು ರೂಢಿಯಾಗಿಲ್ಲ.

ಪಾತ್ರೆಗಿಂತ ಒಂದೊಂದು ಗೇಣು ಅಗಲವಾದ ಬಿದಿರಿನ ಬುಟ್ಟಿ ಅಥವಾ ರಟ್ಟಿನ ಡಬ್ಬಿ ತೆಗೆದುಕೊಳ್ಳಿ. ತಳಕ್ಕೆ ನಾಲ್ಕು ಬೆರಳು ದಪ್ಪ ಒಣ ಭತ್ತದ ಹುಲ್ಲನ್ನು ಒತ್ತಿ ಹಾಕಿ. ನಡುವೆ ಪಾತ್ರೆ ಕೂರುವಷ್ಟು ಗೂಡು ಬಿಟ್ಟು ಸುತ್ತಲೂ ಹುಲ್ಲು ತುಂಬಿ, ಚುಚ್ಚದಂತೆ ಹಳೆಯ ಸೀರೆ ಹಾಸಿ. ಅಕ್ಕಿಯನ್ನು ಅರ್ಧ ತಾಸು ನೆನೆಸಿ, ಎಂದಿಗಿಂತ ಸ್ವಲ್ಪ ಕಡಿಮೆ ನೀರು ಹಾಕಿ ಒಲೆಯ ಮೇಲಿಡಿ. ಮುಚ್ಚಿದ ಪಾತ್ರೆಯಲ್ಲಿ ಐದಾರು ನಿಮಿಷ ಚೆನ್ನಾಗಿ ಕುದಿಯಲಿ. ಆಮೇಲೆ ಒಲೆ ಆರಿಸಿ, ಮುಚ್ಚಳ ತೆಗೆಯದೆ ಪಾತ್ರೆಯನ್ನು ಬುಟ್ಟಿಯ ಗೂಡಿಗಿಟ್ಟು, ಮೇಲೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಒತ್ತಿ ಮುಚ್ಚಿ. ಮುಕ್ಕಾಲು ತಾಸಿಗೆ ಅನ್ನ ತನ್ನ ಬಿಸಿಯಲ್ಲೇ ಅರಳಿರುತ್ತದೆ, ತಳ ಹತ್ತುವ ಮಾತೇ ಇಲ್ಲ. ನೆನೆಸಿದ ತೊಗರಿಬೇಳೆಗಾದರೆ ಒಲೆಯ ಮೇಲೆ ಹದಿನೈದು ನಿಮಿಷ, ಬುಟ್ಟಿಯಲ್ಲಿ ಎರಡು ತಾಸು. ಎರಡು ಎಚ್ಚರಿಕೆ ಬೇಕು. ಪಾವಕ್ಕಿ ಅನ್ನಕ್ಕೆ ಇದು ಬೇಡ, ಕಡಿಮೆ ಪ್ರಮಾಣ ಬೇಗ ಆರುತ್ತದೆ. ಪಾತ್ರೆ ಮುಕ್ಕಾಲಾದರೂ ತುಂಬಿರಬೇಕು. ಬುಟ್ಟಿ ತೆಗೆದಾಗ ಹಬೆ ಏಳುವಷ್ಟು ಬಿಸಿ ಇರಲೇಬೇಕು. ಉಗುರುಬೆಚ್ಚಗಿದ್ದರೆ ಮತ್ತೊಮ್ಮೆ ಕುದಿಸಿಯೇ ಬಡಿಸಿ. ಹೊಲಕ್ಕೆ ಹೋಗುವವರು ಬೆಳಿಗ್ಗೆ ಬೇಳೆ ಇಟ್ಟು ಹೋದರೆ ಬರುವಷ್ಟರಲ್ಲಿ ಬೆಂದಿರುತ್ತದೆ. ಒಲೆಯ ಮುಂದೆ ನಿಲ್ಲುವ ಹೊತ್ತೂ ಕಡಿಮೆಯಾಗುತ್ತದೆ, ಬೇಸಿಗೆಯಲ್ಲಿ ಅದಕ್ಕಿಂತ ದೊಡ್ಡ ಲಾಭವಿಲ್ಲ.

ಬೇಸಿಗೆಯಲ್ಲಿ ಅನ್ನದ ಇನ್ನೊಂದು ತೊಂದರೆ ಹಳಸುವುದು. ಬೆಳಿಗ್ಗೆ ಮಾಡಿದ್ದು ಸಂಜೆಗೆ ವಾಸನೆ ಬಂದರೆ ಅನ್ನವೂ ಹೋಯಿತು, ಅದಕ್ಕೆ ಸುಟ್ಟ ಗ್ಯಾಸೂ ಹೋಯಿತು. ಬೆಂದ ಅನ್ನ ಎರಡು ತಾಸಿಗಿಂತ ಹೆಚ್ಚು ಹೊತ್ತು ಬೆಚ್ಚಗೆ ಕೂತರೆ ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಒಂದೇ ಸಲ ರಾಶಿ ಬೇಯಿಸಿಡುವ ಉಳಿತಾಯ ಏಪ್ರಿಲ್, ಮೇ ತಿಂಗಳಲ್ಲಿ ಅನ್ನಕ್ಕೆ ಒಗ್ಗದು. ಒಂದು ಹೊತ್ತಿನದನ್ನಷ್ಟೇ ಮಾಡಿ.

ರೊಟ್ಟಿಯ ವಿಷಯ ಬೇರೆ

ರೊಟ್ಟಿಗೆ ಆ ಭಯವಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಜನವರಿಯಲ್ಲಿ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತವೆ. ಓಣಿ ಓಣಿಯಲ್ಲಿ ಹೆಣ್ಣುಮಕ್ಕಳು ಕೂಡಿ ದಿನಗಳ ಮುಂಚೆಯೇ ಬಡಿದಿಟ್ಟ ರೊಟ್ಟಿಗಳು ಅವು. ಒಣಗಿದ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ಕೆಡುವುದಿಲ್ಲ ಎನ್ನುವುದನ್ನು ಈ ಜಿಲ್ಲೆಗೆ ಯಾರೂ ಕಲಿಸಬೇಕಿಲ್ಲ.

ಆದರೂ ದಿನಕ್ಕೆರಡು ಸಲ ನಾಲ್ಕು ನಾಲ್ಕು ರೊಟ್ಟಿಗೆ ಹಂಚು ಕಾಯಿಸುವ ಮನೆಗಳಿವೆ. ಹಂಚಿನ ಹತ್ತಿರ ಕೂತು ನೋಡಿ. ಒಲೆ ಹಚ್ಚಿದ ಮೇಲೆ ದಪ್ಪ ಕಬ್ಬಿಣದ ಹಂಚು ಹದಕ್ಕೆ ಬರಲು ಐದಾರು ನಿಮಿಷ ಬೇಕು, ಮೊದಲ ರೊಟ್ಟಿ ಬಿಳಿಚಿಕೊಂಡೇ ಏಳುತ್ತದೆ. ಎರಡು, ಮೂರಕ್ಕೆ ಹಂಚು ಹದ ಹಿಡಿಯುತ್ತದೆ. ಮೇಲೆ ನೀರು ಸವರಿ, ಆ ನೀರು ಆರುವಷ್ಟರಲ್ಲಿ ತಿರುವಿ ಹಾಕಿದರೆ ಮುಂದಿನ ರೊಟ್ಟಿ ಗುಳ್ಳೆ ಗುಳ್ಳೆಯಾಗಿ ಉಬ್ಬುತ್ತದೆ. ನಾಲ್ಕನೆಯದಕ್ಕೆ ಒಲೆ ಆರಿಸಿದರೆ ಆ ಕಾದ ಕಬ್ಬಿಣದ ಬಿಸಿಯೆಲ್ಲ ಗಾಳಿಗೆ. ಸಂಜೆ ಮತ್ತೆ ಅದೇ ಹಂಚಿಗೆ ಮೊದಲಿಂದ ಗ್ಯಾಸು.

ಬೇಸಿಗೆಗೆ ವಾರದಲ್ಲಿ ಎರಡು ದಿನ ರೊಟ್ಟಿಯ ದಿನ ಎಂದು ಮಾಡಿಕೊಳ್ಳಿ. ಬೆಳಗಿನ ಜಾವದ ತಂಪಿನಲ್ಲಿ ಕೂತು ಮೂವತ್ತು, ನಲವತ್ತು ರೊಟ್ಟಿ ಒಂದೇ ಉಸುರಿಗೆ ಬಡಿಯಿರಿ. ಹಂಚಿನ ಮೇಲೆಯೇ ಕಟಕಲಾಗುವವರೆಗೆ ಕಾಯಿಸುತ್ತ ಕೂರಬೇಡಿ. ಬೆಂದ ಕೂಡಲೇ ತೆಗೆದು, ಬಟ್ಟೆಯ ಮೇಲೆ ಬಿಡಿ ಬಿಡಿಯಾಗಿ ಹರಡಿ, ಮೇಲೊಂದು ತೆಳ್ಳನೆಯ ಬಟ್ಟೆ ಹೊದಿಸಿ ಬಿಸಿಲಿಗಿಡಿ. ಏಪ್ರಿಲ್‌ನ ಬಿಸಿಲಿಗೆ ಅದೇ ದಿನ ಖಡಕ್ಕಾಗುತ್ತವೆ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ, ತೇವ ಉಳಿದರೆ ಬೂಸು ಹಿಡಿಯುತ್ತದೆ. ಓಣಿಯ ಎರಡು ಮೂರು ಮನೆಯವರು ಸೇರಿ ಒಂದೇ ಹಂಚಿನಲ್ಲಿ ಮಾಡಿದರೆ ಉಳಿತಾಯ ಇನ್ನೂ ಹೆಚ್ಚು. ಹಾಗೆಂದು ಅದು ಹೆಣ್ಣುಮಕ್ಕಳ ಬೆನ್ನಿಗೆ ಇನ್ನೊಂದು ಹೊರೆಯಾಗಬಾರದು. ನೀರು ಹೊತ್ತು ತರುವುದು, ಹಿಟ್ಟು ಬೀಸಿಸಿಕೊಂಡು ಬರುವುದು, ರೊಟ್ಟಿ ಒಣಹಾಕಿ ಕಾಯುವುದು, ಇಷ್ಟನ್ನಾದರೂ ಮನೆಯ ಗಂಡಸರು ಕೈಗೆತ್ತಿಕೊಳ್ಳಲಿ.

ನೆಂಚಿಕೊಳ್ಳಲು ಉರಿ ಬೇಡದ್ದು ನಮ್ಮ ಕಡೆ ಬೇಕಾದಷ್ಟಿದೆ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿಯನ್ನು ಒಮ್ಮೆ ಹುರಿದು ಕುಟ್ಟಿಟ್ಟರೆ ಹದಿನೈದು ದಿನಕ್ಕಾಯಿತು. ಕೆಂಪು ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ. ಹೆಸರು, ಮಡಿಕೆ ಕಾಳು ಈ ಸೆಕೆಗೆ ಒಂದೇ ರಾತ್ರಿಯಲ್ಲಿ ಮೊಳಕೆ ಒಡೆಯುತ್ತವೆ. ಚಳಿಗಾಲದಲ್ಲಿ ಎರಡು ದಿನ ಬೇಕಾಗುತ್ತಿತ್ತು. ಮೊಳಕೆ ಬಂದ ಕಾಳಿಗೆ ಒಗ್ಗರಣೆ ಹಾಕಿ ನಾಲ್ಕು ನಿಮಿಷ ಬಾಡಿಸಿದರೆ ಉಸಳಿ. ಜೋಳದ ಅಂಬಲಿಗೆ ಹಿಟ್ಟು ಕುದಿಸುವಷ್ಟೇ ಕೆಲಸ, ಮಜ್ಜಿಗೆ ಬೆರೆಸಿ ಮಡಿಕೆಯಲ್ಲಿಟ್ಟರೆ ಮಧ್ಯಾಹ್ನದ ಊಟಕ್ಕೂ ಆಯಿತು, ದಾಹಕ್ಕೂ ಆಯಿತು.

ಬಿಸಿಲಿನಲ್ಲೇ ಬೇಯಿಸುವುದು

ಸೌರ ಕುಕ್ಕರನ್ನು ಬಹಳ ಜನ ಶಾಲೆಯ ವಿಜ್ಞಾನ ಪುಸ್ತಕದಲ್ಲಷ್ಟೇ ನೋಡಿರುತ್ತಾರೆ. ಒಳಗೆ ಕಪ್ಪು ಬಣ್ಣ ಬಳಿದ ಪೆಟ್ಟಿಗೆ, ಮೇಲೆ ಜೋಡಿ ಗಾಜು, ಬಿಸಿಲನ್ನು ಒಳಕ್ಕೆ ತಿರುಗಿಸುವ ಒಂದು ಕನ್ನಡಿ, ಇಷ್ಟೇ. ಒಳಗಿನ ಬಿಸಿ ನೂರು ಡಿಗ್ರಿ ದಾಟುತ್ತದೆ. ಮೋಡವಿಲ್ಲದ ದಿನ ಬೆಳಿಗ್ಗೆ ಹತ್ತಕ್ಕೆ ಅಕ್ಕಿ, ಬೇಳೆ, ತರಕಾರಿಯನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟರೆ ಎರಡರಿಂದ ಮೂರು ತಾಸಿನಲ್ಲಿ ಬೇಯುತ್ತದೆ. ಶೇಂಗಾ ಹುರಿಯಲು, ರವೆ ಬೆಚ್ಚಗೆ ಮಾಡಿಡಲೂ ಬರುತ್ತದೆ. ರೊಟ್ಟಿ, ಒಗ್ಗರಣೆ ಇದರಲ್ಲಿ ಆಗದು. ಮಳೆಗಾಲದಲ್ಲಿ ಉಪಯೋಗ ಕಡಿಮೆ. ಆದರೆ ನಮ್ಮ ಜಿಲ್ಲೆಯಲ್ಲಿ ಫೆಬ್ರುವರಿಯಿಂದ ಮೇ ತನಕ ದಿನವೂ ಎಂಬಂತೆ ನಡೆಯುತ್ತದೆ. ಬೆಳಿಗ್ಗೆ ಎಂಟಕ್ಕೆ ಹೋಗಿ ಎರಡಕ್ಕೆ ಮನೆಗೆ ಬರುವ ನೌಕರರ ಮನೆಗೆ ಹೇಳಿ ಮಾಡಿಸಿದಂತಿದೆ. ಕೊಳ್ಳುವ ಮುಂಚೆ ಪರೀಕ್ಷೆ ಮಾಡಬೇಕೆಂದರೆ ರಟ್ಟಿನ ಡಬ್ಬಿ, ಒಳಗೆ ಬೆಳ್ಳಿ ಹಾಳೆ, ಕಪ್ಪು ಪಾತ್ರೆ, ಮೇಲೊಂದು ಗಾಜಿಟ್ಟು ಮಕ್ಕಳ ಕೈಯಲ್ಲೇ ಮಾಡಿಸಿ ನೋಡಿ.

ದನ ಕಟ್ಟಿದವರಿಗೆ ಬೇಸಿಗೆ ಇನ್ನೊಂದು ಅನುಕೂಲ ತರುತ್ತದೆ. ಗೋಬರ್ ಗ್ಯಾಸಿನ ಗುಂಡಿಯಲ್ಲಿ ಅನಿಲ ಹುಟ್ಟಿಸುವ ಜೀವಾಣುಗಳು 35 ಡಿಗ್ರಿ ಆಸುಪಾಸಿನಲ್ಲಿ ಚುರುಕಾಗಿ ಕೆಲಸ ಮಾಡುತ್ತವೆ, ಚಳಿಯಲ್ಲಿ ಮಂದವಾಗುತ್ತವೆ. ಅಂದರೆ ಸಿಲಿಂಡರಿನ ಚಿಂತೆ ಹೆಚ್ಚುವ ತಿಂಗಳಲ್ಲೇ ನಮ್ಮ ಹಿತ್ತಲಿನ ಗ್ಯಾಸು ಹೆಚ್ಚು ಹುಟ್ಟುತ್ತದೆ. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ, ಅಂದರೆ ನಾಲ್ಕೈದು ದನ ಬೇಕು. ಅದರಿಂದ ಬರುವ ಅನಿಲ ದಿನಕ್ಕೆ ಮುಕ್ಕಾಲು ಕೆ.ಜಿ.ಗೂ ಮಿಕ್ಕಿದ ಎಲ್‌ಪಿಜಿಗೆ ಸಮ. ಐದಾರು ಜನರ ಮನೆಯ ಅಡುಗೆಗೆ ಸಾಕು. ಸಗಣಿಯಷ್ಟೇ ನೀರು ಬೆರೆಸಬೇಕಾದ್ದರಿಂದ ಕುಷ್ಟಗಿಯಂಥ ಬಯಲಿನಲ್ಲಿ ನೀರು ಹೊಂದಿಸುವುದೇ ಕಷ್ಟ. ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ನೀರು, ಗಂಜಲ ಎಲ್ಲ ಹಾಕಬಹುದು. ಸೋಪಿನ ನೀರು ಮಾತ್ರ ಹೋಗಬಾರದು, ಜೀವಾಣುಗಳು ಸಾಯುತ್ತವೆ. ಪಾಳುಬಿದ್ದ ಹಳೆಯ ಗುಂಡಿ ಇದ್ದರೆ ಹೊಸದು ಕಟ್ಟಿಸುವ ಮುಂಚೆ ಅದನ್ನೇ ರಿಪೇರಿ ಮಾಡಿಸಬಹುದೇ ನೋಡಿ. ಸಹಾಯಧನದ ವಿಚಾರವನ್ನು ತಾಲ್ಲೂಕು ಪಂಚಾಯಿತಿಯಲ್ಲಿ ಕೇಳಿ. ಇನ್ನು ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಉರಿಸದೆ ಗತಿಯಿಲ್ಲ ಎನ್ನುವ ಮನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಇದೆ. ಕಟ್ಟಿಗೆ ಕಡಿಮೆ ತಿನ್ನುತ್ತದೆ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುತ್ತದೆ. ಹೊಗೆ ತುಂಬುವ ಮೂರು ಕಲ್ಲಿನ ಒಲೆಗೆ ಹೋಗಿ ಗ್ಯಾಸು ಉಳಿಸುವುದು ಉಳಿತಾಯವಲ್ಲ, ಆ ದುಡ್ಡು ಕಣ್ಣಿಗೆ, ಎದೆಗೆ, ಆಸ್ಪತ್ರೆಗೆ ಹೋಗುತ್ತದೆ.

ಇಂಡಕ್ಷನ್ ಒಲೆ ತರಬೇಕೇ?

ಬಹಳ ಜನ ಕೇಳುವ ಪ್ರಶ್ನೆ ಇದು. ಒಂದು ಸಿಲಿಂಡರು ಮಾಡುವ ಅಡುಗೆಯನ್ನು ಇಂಡಕ್ಷನ್ ಒಲೆ ಮಾಡಲು ಸುಮಾರು 135ರಿಂದ 140 ಯೂನಿಟ್ ವಿದ್ಯುತ್ ಬೇಕು. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 820 ರೂಪಾಯಿ ಆಸುಪಾಸು, ಹೆಚ್ಚುಕಡಿಮೆ ಸಿಲಿಂಡರಿನಷ್ಟೇ. ಲಾಭ ಇರುವುದು ಗೃಹಜ್ಯೋತಿಯ ಉಚಿತ ಯೂನಿಟ್ಟು ಉಳಿಯುತ್ತಿದ್ದರೆ ಮಾತ್ರ. ಇಲ್ಲಿ ಒಂದು ಸೂಕ್ಷ್ಮವಿದೆ. 2023ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ 70 ಯೂನಿಟ್ ಇದ್ದಿದ್ದರೆ, ಅದಕ್ಕೆ ಶೇ 10 ಸೇರಿಸಿ 77 ಯೂನಿಟ್ ಉಚಿತ. ಮೇಲಿನದಕ್ಕೆ ದುಡ್ಡು ಕಟ್ಟಬೇಕು. ಒಟ್ಟು ಬಳಕೆ 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು. ಬೇಸಿಗೆಯಲ್ಲಿ ಫ್ಯಾನು, ಕೂಲರು ಹಗಲು ರಾತ್ರಿ ತಿರುಗುತ್ತಿರುವಾಗ ಇಂಡಕ್ಷನ್ನೂ ಸೇರಿದರೆ ಗೆರೆ ದಾಟುವುದು ಸುಲಭ. ಜೆಸ್ಕಾಂ ಬಿಲ್ಲು ತೆಗೆದು ನೋಡಿ. ತಿಂಗಳಿಗೆ 20, 30 ಯೂನಿಟ್ ಉಚಿತವಾಗಿ ಉಳಿಯುತ್ತಿದ್ದರೆ ಹಾಲು, ಚಹಾ, ಒಂದು ಹೊತ್ತಿನ ಕುಕ್ಕರು ಇಂಡಕ್ಷನ್‌ಗೆ ಬಿಡಿ; ಒಂದು ಲೀಟರು ನೀರು ಕುದಿಸಲು ಹತ್ತನೇ ಒಂದು ಯೂನಿಟ್ ಸಾಕು. ಉಳಿಯದಿದ್ದರೆ ಆ ದುಡ್ಡಿನಲ್ಲಿ ಒಳ್ಳೆಯ ಕುಕ್ಕರು ಕೊಳ್ಳುವುದು ಮೇಲು.

ಸಿಲಿಂಡರು ಮನೆಗೆ ಬಂದಾಗ

ಉಳಿಸುವ ಮಾತು ಹೋಗಲಿ, ಕೊಟ್ಟ ದುಡ್ಡಿಗೆ ಪೂರ್ತಿ ಗ್ಯಾಸು ಬಂದಿದೆಯೇ? ಸಿಲಿಂಡರಿನ ಹಿಡಿಕೆಯ ಪಟ್ಟಿಯ ಮೇಲೆ ಖಾಲಿ ತೂಕ ಕೊರೆದಿರುತ್ತದೆ. ಅದಕ್ಕೆ 14.2 ಸೇರಿಸಿದರೆ ಬರಬೇಕಾದ ತೂಕ. ಸಾಮಾನ್ಯವಾಗಿ 29ರಿಂದ 31 ಕೆ.ಜಿ. ತಂದವರು ನಿಮ್ಮ ಮುಂದೆಯೇ ತೂಗಿ ತೋರಿಸಬೇಕು, ಕೇಳುವುದು ನಿಮ್ಮ ಹಕ್ಕು. ಅವರಲ್ಲಿ ತಕ್ಕಡಿ ಇಲ್ಲದಿದ್ದರೆ ಕಾಳು ತೂಗುವ ಕಾಟಾ ಓಣಿಯಲ್ಲಿ ಒಬ್ಬರ ಮನೆಯಲ್ಲಾದರೂ ಇರುತ್ತದೆ. ಸೀಲು ನೋಡಿ, ಸೋರಿಕೆ ಪರೀಕ್ಷೆ ಮಾಡಿಸಿ. ಪಟ್ಟಿಯ ಮೇಲೆ ಸಿ-27 ಎಂಬಂಥ ಗುರುತಿರುತ್ತದೆ: ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈನಿಂದ ಸೆಪ್ಟೆಂಬರ್, ಡಿ ಎಂದರೆ ಉಳಿದ ಮೂರು ತಿಂಗಳು, ಪಕ್ಕದ್ದು ಇಸವಿ. ಆ ಅವಧಿ ಮುಗಿದಿದ್ದರೆ ಸಿಲಿಂಡರನ್ನು ಮರುಪರೀಕ್ಷೆಗೆ ಕಳಿಸಬೇಕಾಗಿತ್ತು ಎಂದರ್ಥ, ತೆಗೆದುಕೊಳ್ಳಬೇಡಿ. ಬಿಲ್ಲಿನಲ್ಲಿ ಇರುವಷ್ಟೇ ದುಡ್ಡು ಕೊಡಿ. ಹೆಚ್ಚು ಕೇಳಿದರೆ, ತೂಕ ಕಡಿಮೆ ಬಂದರೆ ಮೂರೂ ತೈಲ ಕಂಪನಿಗಳಿಗೆ ಒಂದೇ ಆದ 1800-2333-555 ಉಚಿತ ಸಂಖ್ಯೆಗೆ ದೂರು ಕೊಡಬಹುದು.

ಕೇಂದ್ರದ ಉಜ್ವಲಾ ಯೋಜನೆಯ ಗ್ಯಾಸ್ ಸಂಪರ್ಕ ಇರುವವರಿಗೆ ಕಡಿಮೆ ಉರಿಸಿ ಎಂದು ಹೇಳಲು ನನಗೆ ಮನಸ್ಸಿಲ್ಲ. ದೇಶದ ಉಜ್ವಲಾ ಮನೆಗಳು 2019-20ರಲ್ಲಿ ವರ್ಷಕ್ಕೆ ಸರಾಸರಿ ಮೂರು ಸಿಲಿಂಡರು, 2024-25ರಲ್ಲಿ ನಾಲ್ಕೂವರೆ ಸಿಲಿಂಡರು ತುಂಬಿಸಿಕೊಂಡಿವೆ. ಉಳಿದ ಅಡುಗೆ ಇನ್ನೂ ಹೊಗೆಯಲ್ಲೇ ನಡೆಯುತ್ತಿದೆ. ಅವರು ಮಾಡಬೇಕಾದ್ದು ತಮಗೆ ಬರಬೇಕಾದ ಸಬ್ಸಿಡಿ ಬಿಡದಿರುವುದು. 2025-26ಕ್ಕೆ ಸಿಲಿಂಡರಿಗೆ 300 ರೂಪಾಯಿಯಂತೆ ಒಂಬತ್ತು ಸಿಲಿಂಡರುಗಳವರೆಗೆ ಕೇಂದ್ರ ಮಂಜೂರು ಮಾಡಿದೆ. ಮೊದಲು ಪೂರ್ತಿ ದರ ಕೊಟ್ಟು ಕೊಳ್ಳಬೇಕು, ಸಬ್ಸಿಡಿ ಆಮೇಲೆ ಬ್ಯಾಂಕ್ ಖಾತೆಗೆ. ಆಧಾರ್ ಜೋಡಣೆ ತಪ್ಪಿದ್ದರೆ, ಇ-ಕೆವೈಸಿ ಆಗದಿದ್ದರೆ ಸಬ್ಸಿಡಿ ನಿಂತುಹೋಗುವುದುಂಟು. ಏಜೆನ್ಸಿಗೆ ಹೋದಾಗ ಹೆಬ್ಬೆಟ್ಟು ಕೊಟ್ಟು ಮುಗಿಸಿಕೊಳ್ಳಿ, ಪಾಸ್‌ಬುಕ್ ಬರೆಸಿ ನೋಡಿ. ಖಾನಾವಳಿ, ಮಿರ್ಚಿ ಬಜಿ ಗಾಡಿಯವರಿಗೆ 19 ಕೆ.ಜಿ.ಯ ವಾಣಿಜ್ಯ ಸಿಲಿಂಡರೇ ಬೇಕು, ಅದರ ದರ ತಿಂಗಳ ಒಂದನೇ ತಾರೀಖಿಗೆ ಬದಲಾಗುತ್ತಿರುತ್ತದೆ. ಮನೆಯ ಸಿಲಿಂಡರನ್ನು ಗಾಡಿಗೆ ಹಚ್ಚುವುದು ಕಾನೂನಿಗೆ ವಿರುದ್ಧ. ಅನಾಹುತವಾದರೆ ವಿಮೆಯ ನೆರವೂ ಕೈತಪ್ಪುತ್ತದೆ.

ಸೆಕೆಗಾಲದ ಜೋಪಾನ

ಬೇಸಿಗೆಯಲ್ಲಿ ಅಡುಗೆಮನೆಗೆ ಟೇಬಲ್ ಫ್ಯಾನು ಬರುತ್ತದೆ. ಅದರ ಗಾಳಿ ಒಲೆಗೆ ನೇರ ಬಡಿದರೆ ಉರಿ ಪಾತ್ರೆಯ ತಳ ಬಿಟ್ಟು ಪಕ್ಕಕ್ಕೆ ವಾಲುತ್ತದೆ, ಗ್ಯಾಸು ದಂಡ. ಸಣ್ಣ ಉರಿ ಆರಿಯೇ ಹೋದರೆ ಗ್ಯಾಸು ಸುಮ್ಮನೆ ಹೊರಬರುತ್ತಿರುತ್ತದೆ, ಫ್ಯಾನಿನ ಗಾಳಿಗೆ ವಾಸನೆಯೂ ತಿಳಿಯುವುದಿಲ್ಲ. ಫ್ಯಾನನ್ನು ಅಡುಗೆ ಮಾಡುವವರ ಬೆನ್ನಿಗೆ, ಒಲೆಗೆ ಓರೆಯಾಗಿ ಇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ಮೂಲೆಯಲ್ಲಿ ನಿಲ್ಲುತ್ತದೆ. ವಾಸನೆ ಬಂದರೆ ಲೈಟು, ಫ್ಯಾನಿನ ಸ್ವಿಚ್ಚು ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಆ ಸಂಖ್ಯೆ ಹಗಲು ರಾತ್ರಿ ಕೆಲಸ ಮಾಡುತ್ತದೆ.

ಸಿಲಿಂಡರು ಎಂದೂ ನಿಂತೇ ಇರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಹಿಗ್ಗಲು ಜಾಗವಿರಲೆಂದೇ ಸಿಲಿಂಡರನ್ನು ಪೂರ್ತಿ ತುಂಬಿರುವುದಿಲ್ಲ. ಆದರೂ ಅಂಗಳದ ಬಿಸಿಲಿನಲ್ಲಿ ಬಿಡುವುದು, ಬೈಕಿಗೆ ಕಟ್ಟಿಕೊಂಡು ನಡು ಮಧ್ಯಾಹ್ನ ಹಳ್ಳಿಗೆ ಒಯ್ಯುವುದು ಬೇಡ, ಬೆಳಿಗ್ಗೆಯೇ ತಂದುಬಿಡಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಬಿಸಿಯಲ್ಲಿ ರಬ್ಬರು ಬಿರುಕು ಬಿಡುವುದು ಬೇಗ. ಉರಿ ನೀಲಿಯಾಗಿರಲಿ. ಹಳದಿ ತುದಿ ಕಂಡರೆ, ಪಾತ್ರೆಯ ತಳ ಮಸಿಯಾದರೆ ಬರ್ನರಿನ ತೂತುಗಳಲ್ಲಿ ಕಸ ತುಂಬಿದೆ, ಗ್ಯಾಸು ಅರ್ಧಂಬರ್ಧ ಉರಿಯುತ್ತಿದೆ.

ಕುಷ್ಟಗಿ, ಯಲಬುರ್ಗಾದಿಂದ ಬೇಸಿಗೆಯಲ್ಲಿ ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ ಹೋಗುವವರು ಇಷ್ಟು ಗಮನಿಸಬೇಕು. ಹೊರಡುವ ಮುಂಚೆ ರೆಗ್ಯುಲೇಟರ್ ತೆಗೆದು, ಸಿಲಿಂಡರಿನ ಬಾಯಿಗೆ ದಾರದಲ್ಲಿ ಕಟ್ಟಿದ ಬಿಳಿ ಮುಚ್ಚಳವನ್ನು ಒತ್ತಿ ಕೂರಿಸಿ. ಬೀಗ ಹಾಕುವ ತಗಡಿನ ಮನೆಯಲ್ಲಿ ಅದನ್ನು ಬಿಡಬೇಡಿ. ಊರಲ್ಲೇ ಇರುವ ಸಂಬಂಧಿಕರ ಮನೆಯ ನೆರಳಿನಲ್ಲಿ, ಗಾಳಿಯಾಡುವ ಕಡೆ ನಿಲ್ಲಿಸಿ. ಹೋದ ಊರಿನಲ್ಲಿ ಅಡುಗೆಗೆ 5 ಕೆ.ಜಿ.ಯ ಸಣ್ಣ ಸಿಲಿಂಡರು ಗ್ಯಾಸ್ ಏಜೆನ್ಸಿಗಳಲ್ಲಿ, ಕೆಲವು ಪೆಟ್ರೋಲ್ ಬಂಕುಗಳಲ್ಲಿ ವಿಳಾಸದ ದಾಖಲೆ ಇಲ್ಲದೆ, ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ. ದರ ಕೆ.ಜಿ. ಲೆಕ್ಕದಲ್ಲಿ ಹೆಚ್ಚು ಬೀಳುತ್ತದೆ. ಆದರೆ ಸಂದಿಗೊಂದಿಯಲ್ಲಿ ಸಣ್ಣ ಸಿಲಿಂಡರಿಗೆ ಕದ್ದು ತುಂಬಿಸಿ ಕೊಡುವ ಗ್ಯಾಸನ್ನು ಮಾತ್ರ ಮುಟ್ಟಬೇಡಿ, ಅಲ್ಲಿ ತೂಕಕ್ಕೂ ಭರವಸೆಯಿಲ್ಲ, ಜೀವಕ್ಕೂ ಇಲ್ಲ. ಮನೆಯಲ್ಲಿ ಇನ್ನೂ ಸಂಪರ್ಕವೇ ಇಲ್ಲದವರಿಗೆ 2021ರ ಆಗಸ್ಟ್‌ನಲ್ಲಿ ಬಂದ ಉಜ್ವಲಾ 2.0ರಲ್ಲಿ ಒಂದು ಅನುಕೂಲ ಮಾಡಿಕೊಟ್ಟಿದ್ದಾರೆ: ವಲಸೆ ಹೋದ ಕುಟುಂಬದವರು ರೇಷನ್ ಕಾರ್ಡು, ವಿಳಾಸ ಪುರಾವೆಯ ಬದಲು ಸ್ವಯಂ ಘೋಷಣೆ ಬರೆದುಕೊಟ್ಟು ಅರ್ಜಿ ಹಾಕಬಹುದು. ಅರ್ಜಿ ಮನೆಯ ಹೆಣ್ಣುಮಗಳ ಹೆಸರಿನಲ್ಲೇ ಇರಬೇಕು, ಆಕೆಯ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ.